ಪ್ರಾಥರ್‌ನ ಮುತ್ತಜ್ಜನ ಜೋಳ

ಭಾನುವಾರ, ಸೆಪ್ಟೆಂಬರ್ 15. ಜುಬೈಲ್

ಬಸ್ಸಿನ ಎ.ಸಿ. ಎಂದಿನಂತೆ ವಿಪರೀತ. ಆಫೀಸಿಗೆ ಹೊಸ ಡ್ರಾಯಿಂಗ್‌ಗಳು ಬಂದಿದ್ದವು. ಹಳೆಯವಕ್ಕೆ ಕೆಂಪು ಮೊಹರು ಹೊಡೆದೆ: ರದ್ದು. ಮುಸ್‌ಅಬ್ ಪಕ್ಕದಲ್ಲಿ ಕೂತು ನೋಡಿದ. ಸೌದಿ ಹುಡುಗ, ಮರ್ಯಾದಸ್ಥ. ಅವನಿಗೆ ಕೆಲಸ ಕಲಿಸುವುದು ಈಗ ನನ್ನ ಕೆಲಸ. ಅವನು ಕಲಿತ ಮೇಲೆ... ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಪ್ರಾಥರ್ ಕರೆದ. ಅಮೆರಿಕದವನು, ಕೆಂಟಕಿ ಊರು. ಲ್ಯಾಪ್‌ಟಾಪಿನ ತುಂಬ ಹಳೆಯ ಕೈಬರಹದ ಪುಟಗಳು. ಅವನ ವಂಶದ ಮೊದಲಿಗ ಜೆಸ್ಸಿ ಪ್ರಾಥರ್ ಇನ್ನೂರೈವತ್ತು ವರ್ಷದ ಹಿಂದೆ ಕಾಡು ಕಡಿದು ನೆಲ ಹಿಡಿದವನಂತೆ. ಪುರಾವೆ ಸಿಕ್ಕರೆ ಊರಿನ ಯಾವುದೋ ಸಂಘ ಇವನನ್ನು ಮೂಲ ನೆಲೆಗಾರರ ಕುಲಕ್ಕೆ ಸೇರಿಸಿಕೊಳ್ಳುತ್ತದೆ. ಅಕ್ಷರ ಮಾತ್ರ ಓದಲಾಗುತ್ತಿಲ್ಲ.

"ಸೈಟ್ ಇಂಜಿನಿಯರ್‌ಗಳ ಕೈಬರಹ ಓದುವವನು ನೀನು. ಇದೇನು ಮಹಾ?" ಎಂದು ನಕ್ಕ. ಆಮೇಲೆ, "ಡಿಸೆಂಬರಿನಲ್ಲಿ ನಿನ್ನ ರಿನ್ಯೂವಲ್ ಅಲ್ಲವೇ? ಮಗಳ ಪರೀಕ್ಷೆ ಅಂದಿದ್ದೆ. ಎಚ್.ಆರ್.ಗೆ ಒಂದು ಮಾತು ಬರೆಯುತ್ತೇನೆ."

ಎರಡಕ್ಕೂ ಸಂಬಂಧವಿದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ಶುಕ್ರವಾರ, ಅಕ್ಟೋಬರ್ 4

ಜುಮಾ ಮುಗಿಸಿ ಬಂದು ಮತ್ತೆ ಅದೇ ಪುಟಗಳು. ಆಗಿನ ಕಾನೂನು ಸರಳ. ಕಾಡಿಗೆ ಹೋಗು, ಮೆಕ್ಕೆಜೋಳದ ಒಂದು ಬೆಳೆ ತೆಗೆ, ನಾನೂರು ಎಕರೆ ನಿನ್ನದು. ಮೊದಲು ಅಲ್ಲಿದ್ದವರ ಮಾತು ಯಾವ ಪುಟದಲ್ಲೂ ಇಲ್ಲ.

ಊಟಕ್ಕೆ ಕೂತಾಗ ಹೇಳಿದೆ. ಮಗಳು ಝಿಕ್ರಾ ಫೋನಿನಿಂದ ತಲೆಯೆತ್ತಿದಳು. "ಒಂದೇ ಕ್ರಾಪ್? ಸೀರಿಯಸ್ಲಿ ಉಪ್ಪಾ? ನಾನು ಹುಟ್ಟಿದ್ದೇ ಇಲ್ಲಿ."

"ಹಾಗಾದ್ರೆ ನನ್ನ ಬಸಳೆಗೆ ಅರ್ಧ ಜುಬೈಲ್ ಬರ್ಬೇಕು," ಎಂದಳು ಹೆಂಡತಿ ಸಫಿಯತ್. ಟೆರೇಸಿನಲ್ಲಿ ಎಣ್ಣೆಡಬ್ಬಿಗಳಲ್ಲಿ ಬಸಳೆ ಹಬ್ಬಿಸಿದ್ದಾಳೆ, ಹಳೆಯ ಕೇಬಲ್ಲಿನ ಚಪ್ಪರ. ನಕ್ಕೆವು. ಝಿಕ್ರಾ ನಗಲಿಲ್ಲ. ಹನ್ನೆರಡನೆಯ ತರಗತಿ. ಪರೀಕ್ಷೆ ಫೆಬ್ರವರಿಯಲ್ಲಿ, ಇಲ್ಲಿಯ ಶಾಲೆಯಲ್ಲೇ. ಇಲ್ಲಿರಲು ಕೊಡುವ ನನ್ನ ಇಕಾಮಾ ಮುಗಿದರೆ ಅವಳದೂ ಮುಗಿಯಿತು. ನಡುವರ್ಷ ಊರಿಗೆ ಹೋದರೆ ಒಂದು ವರ್ಷ ಮಣ್ಣು.

ಶುಕ್ರವಾರ, ಅಕ್ಟೋಬರ್ 18

ಸಿಕ್ಕಿದ. ಜೆಸ್ಸಿ ಪ್ರಾಥರ್, ಪುಟದ ಕೆಳತುದಿಯಲ್ಲಿ. ಜೋಳ ಬೆಳೆದದ್ದು ಅವನೇ. ಆದರೆ ಮೇಲಿನ ಸಾಲಿನಲ್ಲಿ ಬೇರೊಬ್ಬನ ಹೆಸರು, ಇವನು ಬೆಳೆದದ್ದು ಅವನ ಪರವಾಗಿ. ನಾನೂರು ಎಕರೆಯೂ ಅವನಿಗೇ. ಆ ಮನುಷ್ಯ ಕಾಡಿಗೆ ಕಾಲಿಟ್ಟ ಸುಳಿವೂ ಇಲ್ಲ.

ಸಂಜೆ ಶಹೀರ್‌ನ ಬೂಫಿಯಾದಲ್ಲಿ, ಅವನ ಪುಟ್ಟ ಚಹಾದಂಗಡಿಯಲ್ಲಿ, ಚಹಾ. ಬೆಳ್ತಂಗಡಿಯವನು. ಸುಬಹಿ ನಮಾಜಿನ ಹೊತ್ತಿಗೆ ಶಟರ್ ಎತ್ತಿದರೆ ಮಧ್ಯರಾತ್ರಿಯವರೆಗೆ ಸ್ಟವ್‌ ಮುಂದೆ. ಕತೆ ಕೇಳಿ ತೊಡೆ ತಟ್ಟಿಕೊಂಡ.

"ಅಲ್ಲ ಸಮದಾಕ, ಅದು ನಾನೇ ಅಲ್ವಾ! ಬೋರ್ಡು ಅರಬಿಯದ್ದು, ಚಾಯ ನನ್ನದ್ದು. ಹೇಳಿ ಅವನಿಗೆ. ಖುಷಿಯಾಗ್ತಾನೆ ಮಾರಾಯ್ರೆ."

ನನಗೂ ಹಾಗೆಯೇ ಅನಿಸಿತು. ಊರವರೊಬ್ಬರು ಹೊಸದಾಗಿ ಸಿಕ್ಕರೆ ಮೊದಲು ಮನೆ ಎಲ್ಲಿ ಎಂದು ಕೇಳುತ್ತೇವೆ, ಆಮೇಲೆ ಕಫೀಲ್ ಯಾರು, ಯಾವ ಅರಬಿಯ ಹೆಸರಿನಲ್ಲಿ ಇಲ್ಲಿರುವುದು ಎಂದು. ಅದರಲ್ಲಿ ನಾಚಿಕೆ ಎಂತದು.

ಭಾನುವಾರ, ಅಕ್ಟೋಬರ್ 20

ಮೀಟಿಂಗ್ ಮುಗಿದು ಎಲ್ಲರೂ ಏಳುವಾಗ ಪ್ರಾಥರ್ ಕೇಳಿದ, ಸಿಕ್ಕಿದನೇ ಎಂದು.

"ಸಿಕ್ಕಿದ ಸರ್. ಜೋಳ ಬೆಳೆದದ್ದು ಅವನೇ. ನೆಲ ಮಾತ್ರ ಬೇರೆಯವನ ಹೆಸರಿಗೆ. ಅವನಿಗೂ ಒಬ್ಬ ಕಫೀಲ್ ಇದ್ದ, ನಮ್ಮ ಹಾಗೆ."

ಮೊದಲು ನಕ್ಕವನು ಮುಸ್‌ಅಬ್. "ಯಲ್ಲಾ ಮಿಸ್ಟರ್ ಪ್ರಾಥರ್, ಇಕಾಮಾ ತೋರಿಸಿ!" ಇಡೀ ಕೋಣೆ ನಕ್ಕಿತು. ಪ್ರಾಥರ್ ಕೂಡ ನಕ್ಕ, ಹಲ್ಲಿನಲ್ಲಿ. ನಂತರ ಮೆಲ್ಲಗೆ, "ಪುಟದಲ್ಲಿ ಕಫೀಲ್ ಎಂದು ಬರೆದಿದೆಯೇ?"

"ಇಲ್ಲ ಸರ್."

"ಹಾಗಾದರೆ ಅದು ನಿನ್ನ ಅಭಿಪ್ರಾಯ. ಪುಟ ಕಳಿಸು."

ಕಳಿಸಿದೆ. ಪೂರ್ತಿ ಪುಟ.

ಭಾನುವಾರ, ನವೆಂಬರ್ 24

ಎಚ್.ಆರ್. ಮೇಲ್. ರಿನ್ಯೂವಲ್ ಇಲ್ಲ. ಸ್ಥಳೀಯರ ನೇಮಕಾತಿ ಎಂದು ಕಾರಣ. ಫೈನಲ್ ಎಕ್ಸಿಟ್, ದೇಶ ಬಿಡುವುದು, ಡಿಸೆಂಬರ್ ಕೊನೆಗೆ. ಪ್ರಾಥರ್ ಆ ಒಂದು ಮಾತು ಬರೆದನೋ ಇಲ್ಲವೋ ಗೊತ್ತಿಲ್ಲ. ಬರೆದಿದ್ದರೂ ಇದೇ ಆಗುತ್ತಿತ್ತೇನೋ. ಹಾಗೆ ಅಂದುಕೊಂಡರೆ ನಿದ್ದೆ ಬರಬಹುದು.

ಸಹಿಗೆ ಅವನ ಕೋಣೆಗೆ ಹೋದೆ. ಗೋಡೆಯಲ್ಲಿ ಹೊಸ ಫ್ರೇಮು. ಜೆಸ್ಸಿ ಪ್ರಾಥರ್, ಅವನ ಜೋಳ. ಮೇಲಿನ ಸಾಲು ಇಲ್ಲ. ಕತ್ತರಿಸಿದ ಅಂಚು ಬಹಳ ನೇರ. ಮುಸ್‌ಅಬ್ ಮಾಡಿಕೊಟ್ಟನಂತೆ. ಚೆನ್ನಾಗಿ ಕಲಿತಿದ್ದಾನೆ.

ಮನೆಯಲ್ಲಿ ಹೇಳಿದೆ. ಸಫಿಯತ್ ಗ್ಯಾಸ್ ಆರಿಸಿದಳು. ಝಿಕ್ರಾ ಕೇಳಿದ್ದು ಒಂದೇ: "ನೀವು ಜೋಕ್ ಮಾಡಿದ್ರಾ, ಉಪ್ಪಾ?"

ಶುಕ್ರವಾರ, ಡಿಸೆಂಬರ್ 13

ಕಾರ್ಗೋದವರು ಬಂದು ಪೆಟ್ಟಿಗೆ ಒಯ್ದರು. ಝಿಕ್ರಾ ಪುಸ್ತಕಗಳನ್ನು ಮಾತ್ರ ಕೊಡಲಿಲ್ಲ, ಕೈಯಲ್ಲೇ ತರುತ್ತಾಳಂತೆ. ಯಾಕೆ ಎಂದು ಕೇಳುವ ಧೈರ್ಯ ಆಗಲಿಲ್ಲ.

ಬಸಳೆ ಕಿತ್ತು ಹಂಚಿಬಿಡೋಣ ಎಂದು ಸಫಿಯತ್ ಕತ್ತಿ ಹಿಡಿದು ಟೆರೇಸಿಗೆ ಹೋದಳು. ವಾಚ್‌ಮನ್ ಝಿಯಾವುದ್ದೀನ್ ಹಿಂದೆಯೇ ಓಡಿ ಬಂದ. "ಮತ್ ಕಾಟೋ ಭಾಭಿ. ಓನರ್ ನೋಡಿ ಹೋಗಿದ್ದಾರೆ, ಬಹುತ್ ಪಸಂದ್. ಬಾಡಿಗೆಗೆ ಹಾಕಿದ ಫೋಟೋದಲ್ಲೂ ಇದೆ. ಅವರ ಗಾರ್ಡನ್ ಅಂತ."

ಅವಳು ಕತ್ತಿ ಕೆಳಗಿಟ್ಟಳು. ಒಂದು ಬಾಲ್ದಿ ನೀರು ತಂದು ಡಬ್ಬಿಡಬ್ಬಿಗೂ ಹೊಯ್ದಳು, ಎಂದಿನಂತೆ. ಆಮೇಲೆ ನನ್ನ ಕಡೆ ತಿರುಗಿ,

"ನೋಡಿ, ನಾಳೆ ಇದಕ್ಕೆ ಫ್ರೇಮ್ ಹಾಕಿದ್ರೂ ಅದರಲ್ಲಿ ನನ್ನ ಹೆಸರು ಇರ್ಲಿಕ್ಕಿಲ್ಲ," ಎಂದಳು.