ಕೆಳಗಿಟ್ಟ ಬಟ್ಟಲು

ಹುಮೈರಾ ಕಣಿವೆ, ದೊಡ್ಡಪ್ಪನ ಬಿಡಾರ
ಏಪ್ರಿಲ್ ೯, ಬುಧವಾರ ಬೆಳಿಗ್ಗೆ

ನನ್ನ ಮುದ್ದು ಮುಜ್ನಾ,

ಹೇಗಿದ್ದೀಯ? ಅಕಬಾದ ಉಪ್ಪುಗಾಳಿಗೆ ನಿನ್ನ ಕೆಮ್ಮು ಇಳಿಯಿತೋ, ಇಲ್ಲ ಇನ್ನೂ ಬೆಳಗಿನ ಜಾವ ಎದ್ದು ಕೂರುತ್ತೀಯೋ? ಹಾಲಿಗೆ ಮಿರಮಿಯಾ ಎಲೆ ಹಾಕಿ ಕುದಿಸಿ ಕುಡಿ, ಅಂಗಡಿಯ ಸಿರಪ್ಪು ನಂಬಬೇಡ. ನಿನ್ನ ರೀಮ್‌ಳ ಮುಂದಿನ ಹಲ್ಲು ಬಿದ್ದ ಫೋಟೋ ನೋಡಿದೆ. ನಗುವಾಗ ಥೇಟ್ ನೀನೇ. ಗುಹೆಯ ಬಾಗಿಲಲ್ಲಿ ಕೂತು ಮೇಕೆಗೆ ಅಣಕಿಸುತ್ತಿದ್ದ ನೀನು. ನಬೀಲನಿಗೆ ಬಂದರಿನಲ್ಲಿ ಹಗಲು ಪಾಳಿ ಸಿಕ್ಕಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಮೈ ಚೆನ್ನಾಗಿದೆ. ಆದರೆ ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ. ಫೋನ್ ಮಾಡಬಹುದಿತ್ತು, ಆದರೆ ನೀನು ಯಾವತ್ತೂ ನನ್ನ ಮಾತು ಪೂರ್ತಿ ಕೇಳಿದವಳಲ್ಲ. ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಕಾಗದಕ್ಕೆ ನೀನು ಅಡ್ಡ ಬರಲಾರೆ.

ಅಮ್ಮನ ವಿಷಯ ಮೊದಲು. ಎಡಗಣ್ಣು ಹೋಯಿತೆಂದು ಹಿಂದೆಯೇ ಹೇಳಿದ್ದೆ. ಬಲಗಣ್ಣಿಗೂ ಈಗ ದೊಡ್ಡ ಆಕಾರಗಳು ಮಾತ್ರ ಕಾಣುತ್ತವೆ. ಒಂಟೆಗೂ ಜೀಪಿಗೂ ವ್ಯತ್ಯಾಸ ತಿಳಿಯುತ್ತದೆ, ನನಗೂ ಚಿಕ್ಕಮ್ಮನಿಗೂ ತಿಳಿಯುವುದಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಅದೂ ಹೋಗುತ್ತದೆ ಎಂದರು ಡಾಕ್ಟರು. ರೀಮ್ ಫೋಟೋವನ್ನು ಅವಳ ಮುಖದ ಹತ್ತಿರ ಹಿಡಿದೆ. ಫೋನಿನ ಗಾಜನ್ನು ಬೆರಳಿನಿಂದ ಸವರಿದಳು. "ಇದು ನುಣ್ಣಗಿದೆಯಲ್ಲೇ, ಇದರಲ್ಲಿ ಮಗು ಎಲ್ಲಿದೆ? ಗಲ್ಲ ನನ್ನ ಹಾಗಿದೆಯಾ, ಅವರಪ್ಪನ ಹಾಗಾ?" ಅಂದಳು. "ನಿನ್ನ ಹಾಗೇ ಅಮ್ಮ" ಅಂದೆ. "ನೀನು ಹೇಳೋದು ಬೇಡ, ನಾನು ನೋಡ್ಬೇಕು" ಅಂದಳು. ಅವಳನ್ನು ನಿನ್ನ ಹತ್ತಿರ ಕರೆತರಲು ನನ್ನಿಂದ ಆಗಿದ್ದರೆ! ನಮ್ಮ ಪದ್ಧತಿಯಂತೆ ನಿನ್ನನ್ನು ಮದುವೆಯಾಗಲು ದೊಡ್ಡಪ್ಪನ ಮಗನಿಗಿದ್ದ ಮೊದಲ ಹಕ್ಕನ್ನು ಮೀರಿ ನೀನು ನಬೀಲನ ಕೈ ಹಿಡಿದ ದಿನ ದೊಡ್ಡಪ್ಪ ಆಡಿದ ಮಾತು ಇನ್ನೂ ಹಾಗೇ ನಿಂತಿದೆ. ಅವಳ ಮನೆಗೆ ಹೋದವರು ನನ್ನ ಒಲೆಯ ಬಳಿಗೆ ಬರಬೇಡಿ ಎಂಬ ಮಾತು. ಒಂಬತ್ತು ವರ್ಷವಾಯಿತು. ನಿನ್ನನ್ನು ಕೇಳಿದ್ದ ದೈಫಲ್ಲಾನೇ ಬೇರೆ ಮದುವೆಯಾಗಿ, ಮಕ್ಕಳ ಗಲಾಟೆಯಲ್ಲಿ ನಿನ್ನನ್ನು ಮರೆತು ನಗುನಗುತ್ತ ಇದ್ದಾನೆ. ದೊಡ್ಡಪ್ಪ ಮಾತ್ರ ಆ ಮಾತು ಮರೆತಿಲ್ಲ. ಅಪ್ಪನಂತೂ ನಿನಗೆ ಗೊತ್ತಲ್ಲ, ಅಣ್ಣನೆದುರು ತನ್ನ ಚಪ್ಪಲಿ ನೋಡುತ್ತ ಕೂರುತ್ತಾರೆ.

ಈ ವಾರ ಪ್ರವಾಸಿಗರ ಒಂದು ತಂಡವನ್ನು ಕರೆದುಕೊಂಡು ಬಂದಿದ್ದೇನೆ. ಕಾಲೇಜಿನ ಪಾಠಕ್ಕಿಂತ ಈ ಗೈಡ್ ಕೆಲಸವೇ ವಾಸಿ ಎನ್ನಿಸುವ ದಿನಗಳೂ ಇರುತ್ತವೆ, ಇದು ಅಂಥದ್ದಲ್ಲ. ಜೆಕ್ ದೇಶದವರು, ಒಳ್ಳೆಯವರೇ, ಆದರೆ ಒಂದು ಕಡೆ ನಿಲ್ಲುವವರಲ್ಲ. ಕೆಂಪು ಬಂಡೆಗಳ ಸಂದಿನೊಳಗೆ ನಡೆಸಿದೆ, ಬಂಡೆ ಕೊರೆದ ಗೋರಿಗಳನ್ನು ತೋರಿಸಿದೆ, ಹಳೆಯ ನೀರಿನ ತೊಟ್ಟಿಗಳ ಬಳಿ ಕೂರಿಸಿದೆ. ಎಲ್ಲೆಲ್ಲೂ ಫೋಟೋ, ಆಮೇಲೆ "ಮುಂದೆ ಏನಿದೆ?" ನಮ್ಮ ಹಳೆಯ ಕವಿಗಳು ಪದ್ಯ ಶುರು ಮಾಡುತ್ತಿದ್ದದ್ದೇ ಬಿಟ್ಟುಹೋದ ಬಿಡಾರದ ಬೂದಿಯೆದುರು ನಿಂತು, ಜೊತೆಗಾರರೇ, ಒಂದು ಗಳಿಗೆ ತಡೆಯಿರಿ ಎಂದು ಬೇಡಿಕೊಂಡು. ನಾನು ಆ ಬೂದಿಯ ಮೇಲೆಯೇ ಜನರನ್ನು ಓಡಾಡಿಸಿ ಸಂಬಳ ಪಡೆಯುತ್ತೇನೆ. ನಿನ್ನೆ ಯಾಕೋ ದಾರಿ ತಪ್ಪಿಸಿ ಅವರನ್ನು ನಾವು ಬೆಳೆದ ಗುಹೆಗೆ ಕರೆದೊಯ್ದೆ. ಅದು ನಕ್ಷೆಯಲ್ಲಿಲ್ಲ. ಸರ್ಕಾರದ ಸಿಮೆಂಟಿನ ಮನೆಗಳಿಗೆ ನಮ್ಮನ್ನು ಇಳಿಸಿದ ಮೇಲೆ ಯಾರೂ ಗುಡಿಸಿಲ್ಲ, ಆದರೂ ಹೊಗೆಯ ವಾಸನೆ ಹೋಗಿಲ್ಲ ಮುಜ್ನಾ. ಉಳಿದವರು ಎರಡು ನಿಮಿಷ ನೋಡಿ ಹೊರಗೆ ಹೋದರು. ಬೊಝೆನಾ ಎಂಬೊಬ್ಬಳು ಮಾತ್ರ ಒಳಗೇ ನಿಂತಳು. ವಯಸ್ಸಾದ ಹೆಂಗಸು, ತನ್ನ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದವಳು. ಯಾರು ಎಲ್ಲಿ ಮಲಗುತ್ತಿದ್ದಿರಿ ಎಂದು ಕೇಳಿದಳು. ಗೋಡೆಯ ಮಸಿಯಲ್ಲಿ ನೀನು ಒತ್ತಿದ್ದ ಪುಟ್ಟ ಅಂಗೈ ಗುರುತನ್ನು ಅವಳೇ ಹುಡುಕಿ, ಇದು ಯಾರದು ಅಂದಳು. ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆನೇನೋ. ಅವಳು ತನ್ನ ಕೈಯನ್ನು ಆ ಗುರುತಿನ ಹತ್ತಿರ ಒಯ್ದು, ಮುಟ್ಟದೆ ಹಿಂದೆ ತೆಗೆದಳು.

ಅಲ್ಲಿಂದ ಸಂಜೆಗೆ ಮುಂಚೆ ದೊಡ್ಡಪ್ಪನ ಬಿಡಾರ ತಲುಪಿದೆವು. ಕಾಫಿಯ ಬಗ್ಗೆ ಪ್ರತಿ ತಂಡಕ್ಕೂ ಜೀಪಿನಲ್ಲೇ ಪಾಠ ಮಾಡುತ್ತೇನೆ: ಬಲಗೈಯಲ್ಲಿ ಹಿಡಿಯಿರಿ, ಸಾಕಾದರೆ ಬಟ್ಟಲು ಅಲ್ಲಾಡಿಸಿ, ಏನೇ ಆದರೂ ಕುಡಿಯದೆ ನೆಲದ ಮೇಲೆ ಮಾತ್ರ ಇಡಬೇಡಿ, ಇಟ್ಟರೆ ನಿಮಗೇನೋ ಬೇಡಿಕೆಯಿದೆ, ಅದು ನಡೆಯುವವರೆಗೂ ಕುಡಿಯುವುದಿಲ್ಲ ಎಂದರ್ಥ. ಆ ಹೊತ್ತಿಗೆ ಬೊಝೆನಾ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ದೊಡ್ಡಪ್ಪ ಒಲೆಯ ಪಕ್ಕ ಕೂತು ತಾವೇ ಬಗ್ಗಿಸಿ ಕೊಟ್ಟರು. ಒಂಟೆ ನಡೆಸುವುದನ್ನು ಬಿಟ್ಟ ಮೇಲೆ ಪರದೇಶಿಗಳ ಜೊತೆ ಅವರು ಮಾತೇ ಆಡುವುದಿಲ್ಲ, ಎಲ್ಲ ನನ್ನ ಬಾಯಿಂದಲೇ ಆಗಬೇಕು; ಬೊಝೆನಾ ಟ್ರಾಮ್ ಓಡಿಸುತ್ತಿದ್ದವಳು ಎಂಬ ಪರಿಚಯವನ್ನೂ ನಾನೇ ಹೇಳಿದೆ. ಪಕ್ಕದಲ್ಲಿ ಅಪ್ಪ, ಆಚೆಗೆ ದೈಫಲ್ಲಾ. ಬೊಝೆನಾ ಬಟ್ಟಲು ತೆಗೆದುಕೊಂಡಳು, ಮೂಸಿದಳು, ನನ್ನ ಕಡೆ ನೋಡಿ ಪೆಚ್ಚಾಗಿ ನಕ್ಕು, ತನ್ನ ಮುಂದೆ ಕಂಬಳಿಯ ಮೇಲೆ ಮೆಲ್ಲಗೆ ಇಟ್ಟುಬಿಟ್ಟಳು. ತುಂಬಿದ ಬಟ್ಟಲು.

ದೊಡ್ಡಪ್ಪ ಕಾಫಿ ಕೆಟಲನ್ನು ಬೂದಿಯ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿದರು. "ತರ್ಫಾ, ನಿನ್ನ ಅತಿಥಿ ಬಟ್ಟಲು ಕೆಳಗಿಟ್ಟಳು. ಏನು ಬೇಕಂತೆ ಕೇಳು. ನನ್ನ ಬಿಳಿ ಒಂಟೆ ಕೇಳಿದ್ರೂ ಕೊಟ್ಟೆ ಅನ್ನು." ದೈಫಲ್ಲಾ ಸುಮ್ಮನಿರುತ್ತಾನೆಯೇ, "ಒಂಟೆ ಬೇಡ ಅಜ್ಜಿ, ಅದು ಕಚ್ಚುತ್ತೆ. ನನ್ನನ್ನ ಕರ್ಕೊಂಡು ಹೋಗು, ನಾನು ತಿನ್ನೋದು ಕಡಿಮೆ" ಅಂದ. ಪರದೆಯ ಆಚೆಯಿಂದ ಅವನ ಹೆಂಡತಿ, "ಕರ್ಕೊಂಡು ಹೋಗ್ಲಿ, ದಾರೀಲಿ ಅವಳಿಗೇ ಗೊತ್ತಾಗುತ್ತೆ!" ಎಂದಳು. ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಬೊಝೆನಾಳನ್ನು ಕೇಳಿದೆ, ಯಾಕೆ ಕುಡಿಯುತ್ತಿಲ್ಲ? ಅವಳು ಅದೇ ಭಾಷೆಯಲ್ಲಿ, "ನನ್ನ ಹಾರ್ಟ್ ಸರಿಯಿಲ್ಲ, ಕಾಫಿ ಕೂಡದು. ಯಾರಿಗೂ ಕಾಣದ ಹಾಗೆ ಇಟ್ಟುಬಿಡೋಣ ಅಂದ್ಕೊಂಡೆ. ತಪ್ಪಾಯ್ತಾ?" ಎಂದಳು.

ಅಷ್ಟೇ, ಮುಜ್ನಾ. ಅಷ್ಟನ್ನೇ ಅರಬಿಯಲ್ಲಿ ಹೇಳಿದ್ದರೆ ದೊಡ್ಡಪ್ಪ ಅಯ್ಯೋ ಪಾಪ ಎಂದು ಅವಳಿಗೆ ಚಹಾ ತರಿಸುತ್ತಿದ್ದರು. ನಾನು ಬಾಯಿ ತೆರೆದದ್ದೂ ಅದನ್ನು ಹೇಳಲಿಕ್ಕೇ. ಆದರೆ ಆ ಬಟ್ಟಲು ನನ್ನ ಕಣ್ಣೆದುರಿಗಿತ್ತು. ನಾವು ಮನೆಯವರು ಅದನ್ನು ತಲೆ ತಗ್ಗಿಸಿ ಕುಡಿದು ವಾಪಸ್ ಕೊಡುವವರು. ಕೆಳಗಿಡುವ ಧೈರ್ಯ ಯಾರಿಗಿತ್ತು? ಫೋನಿನ ಗಾಜು ಸವರುತ್ತಿದ್ದ ಅಮ್ಮನ ಬೆರಳು ನೆನಪಾಯಿತು. "ದೊಡ್ಡಪ್ಪ, ಅವಳು ಹೇಳ್ತಿದ್ದಾಳೆ," ಅಂದೆ, "ಈ ಮನೆಯ ಒಬ್ಬ ಮಗಳು ಹೊರಗಡೆ ಇದ್ದಾಳಂತೆ. ಅವಳು ತನ್ನ ಮಗುವನ್ನ ಕರ್ಕೊಂಡು ತಾಯಿ ಹತ್ರ ಬರೋಕೆ ನೀವು ಒಪ್ಪೋವರೆಗೂ ಈ ಕಾಫಿ ಕುಡಿಯಲ್ಲ ಅಂತ."

ಅಪ್ಪ ತಲೆಯೆತ್ತಿದರು. ಅಣ್ಣನೆದುರು ಅವರು ತಲೆಯೆತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. ದೊಡ್ಡಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇವಳಿಗೆ ನಮ್ಮನೆ ಮಾತು ಹೇಳಿದ್ದು ಯಾರು?" ಗುಹೆಯಲ್ಲಿ ಅಂಗೈ ಗುರುತು ನೋಡಿ ಕೇಳಿದಳು, ನಾನು ಹೇಳಿದೆ, ಅಂದೆ. ಅದು ನಿಜವೇ ಆಗಿತ್ತು. ಆಮೇಲೆ ಅವರು ಕಡ್ಡಿಯಿಂದ ಬೂದಿ ಕೆದಕುತ್ತ ಕೂತರು. ಬೆಂಕಿ ಸಣ್ಣಗಾಯಿತು. ದೈಫಲ್ಲಾ ತಮಾಷೆ ಬಿಟ್ಟು, "ಅಪ್ಪಾ, ನನ್ನ ಕಡೆಯಿಂದ ಏನೂ ಇಲ್ಲ. ಬರ್ಲಿ" ಅಂದ. ದೊಡ್ಡಪ್ಪ ಅವನ ಕಡೆ ತಿರುಗಲಿಲ್ಲ. ಬೊಝೆನಾಳ ಮುಂದಿದ್ದ ಬಟ್ಟಲನ್ನು ಬೆರಳಿನಿಂದ ತೋರಿಸಿ, "ಕುಡಿ ಅನ್ನು" ಎಂದರು. ಆ ಮಾತಿಗೆ ಅರ್ಥ ಒಂದೇ ಎಂದು ನಿನಗೆ ಗೊತ್ತು: ಕೇಳಿದ್ದನ್ನು ಕೊಟ್ಟಾಯಿತು.

ಈಗ ಅವಳು ಕುಡಿಯಲೇಬೇಕಿತ್ತು! ನಿನಗೆ ಕೈ ಮುಗಿಯುತ್ತೇನೆ, ಒಂದೇ ಗುಟುಕು, ಕಾರಣ ಆಮೇಲೆ ಹೇಳುತ್ತೇನೆ ಎಂದು ಬೊಝೆನಾಳ ಕಿವಿಯಲ್ಲಿ ಹೇಳಿದೆ. ಆ ಪುಣ್ಯಾತ್ಗಿತ್ತಿ ನನ್ನ ಮುಖ ನೋಡಿದಳು, ಸುತ್ತ ಕೂತ ಎಲ್ಲರ ಮುಖ ನೋಡಿದಳು, ಪೂರ್ತಿ ಕುಡಿದುಬಿಟ್ಟಳು. "ನಮ್ಮತ್ತೆಗಿಂತ ಕಹಿ" ಅಂದಳು. ಅದನ್ನು ಮಾತ್ರ ನಾನು ನಿಷ್ಠೆಯಿಂದ ಅನುವಾದಿಸಿದೆ. ಬಿಡಾರವೆಲ್ಲ ನಕ್ಕಿತು.

ಅವಳಿಗೇನೂ ಆಗಲಿಲ್ಲ, ಹಾಯಾಗಿ ಮಲಗಿದಳು. ನನಗೆ ನಿದ್ದೆಯಿಲ್ಲ. ಅತಿಥಿಯ ಬಾಯಿಗೆ ನನ್ನ ಮಾತನ್ನು ತುರುಕಿದೆ. ಇದು ದೊಡ್ಡಪ್ಪನಿಗೆ ಗೊತ್ತಾದರೆ ಕೊಟ್ಟ ಮಾತೂ ಉಳಿಯುವುದಿಲ್ಲ, ಆ ಒಲೆಯ ಬಳಿ ನನಗೂ ಜಾಗ ಇರುವುದಿಲ್ಲ. ನಿನ್ನನ್ನು ಮಗುವಿನ ಸಮೇತ ಬಾಗಿಲವರೆಗೆ ಬರಮಾಡಿಕೊಂಡು, ಎಲ್ಲರೆದುರು ಹಿಂದಕ್ಕೆ ಕಳಿಸಿದರೆ? ಅಮ್ಮ ಕೈ ಚಾಚಿ ಕೂತಿರುವಾಗ? ಬೆಳಿಗ್ಗೆ ಬೊಝೆನಾ ಬೂಟಿನ ಮರಳು ಕೊಡವುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ಬೂಟು ಕೈಯಲ್ಲಿ ಹಿಡಿದೇ ಯೋಚಿಸಿದಳು. "ಹಾಗಾದ್ರೆ ನಾನು ಕೇಳಿದ್ದು ಅದು. ಬಟ್ಟಲಿನ ಅರ್ಥ ಗೊತ್ತಿದ್ದಿದ್ರೂ ಅದನ್ನೇ ಕೇಳ್ತಿದ್ದೆ" ಅಂದಳು. ಹೋಗಿ ದೊಡ್ಡಪ್ಪನಿಗೆ ನಿಜ ಹೇಳಿಬಿಡಲೇ ಅಂದೆ. "ನಾನು ಟ್ರಾಮ್ ಓಡಿಸ್ತಿದ್ದವಳು. ಜನ ಹತ್ತಿದ ಮೇಲೆ ಇಳಿಸಿ ಹಿಂದಕ್ಕೆ ಹೋಗೋದು ನನಗೆ ಗೊತ್ತಿಲ್ಲ" ಎಂದಳು. ಅವಳಿಗೆ ಸುಲಭ. ಅವಳು ನಾಳೆ ವಿಮಾನ ಹತ್ತುತ್ತಾಳೆ.

ತಂಡ ಮಧ್ಯಾಹ್ನ ಅಕಬಾಕ್ಕೆ ಇಳಿಯುತ್ತದೆ. ಈ ಪತ್ರ ತರುವವಳೂ ಬೊಝೆನಾಳೇ. ಅವಳಿಗೆ ಚಹಾ ಮಾಡಿಕೊಡು, ಕಾಫಿ ಬೇಡ. ಓದಿ ನೀನೇ ತೀರ್ಮಾನಿಸು. ಸುಳ್ಳಿನಿಂದ ತೆರೆದ ಬಾಗಿಲು ಬೇಡ ಎಂದರೆ ನಾನು ಬೇಸರಪಡುವುದಿಲ್ಲ; ಬರುತ್ತೇನೆ ಎಂದರೆ ದಾರಿಯ ತಿರುವಿನಲ್ಲಿ ನಿಂತಿರುತ್ತೇನೆ. ಎರಡರಲ್ಲಿ ಯಾವುದಕ್ಕೆ ಪ್ರಾರ್ಥಿಸಬೇಕೋ ತಿಳಿಯದೆ ಬೆಳಗಿನ ನಮಾಜಿನಲ್ಲಿ ನಿನ್ನ ಹೆಸರಷ್ಟೇ ಹೇಳಿದೆ.

ರೀಮ್‌ಳ ಎರಡೂ ಕೆನ್ನೆಗೆ ಮುತ್ತು. ನಬೀಲನಿಗೆ ಸಲಾಂ. ದೇವರು ನಿಮ್ಮ ಮನೆಯ ದೀಪ ಕಾಯಲಿ.

ನಿನ್ನ ಅಕ್ಕ,
ತರ್ಫಾ

ಮತ್ತೆ: ಅಂಟಿಸಿದ ಲಕೋಟೆ ಹರಿದು, ಜೀಪಿನ ಬಾನೆಟ್ಟಿನ ಮೇಲಿಟ್ಟು ಬರೆಯುತ್ತಿದ್ದೇನೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ದೊಡ್ಡಪ್ಪ ಸಾಮಾನಿನ ಹಗ್ಗ ಬಿಗಿಯಲು ಬಂದರು. ಬಗ್ಗಿಕೊಂಡೇ, "ಆ ತಾಯಿ ಎದೆ ಹೇಗಿದೆ ಈಗ? ಕಾಫಿ ಕುಡಿದು ತೊಂದರೆ ಆಗ್ಲಿಲ್ಲ ತಾನೇ?" ಅಂದರು. ಅವಳ ಎದೆಯ ವಿಷಯ ನಾನು ಯಾರಿಗೂ ಹೇಳಿಲ್ಲ ಮುಜ್ನಾ. "ಒಂದು ಕಾಲದಲ್ಲಿ ಪರದೇಶಿಗಳ ಒಂಟೆ ಹಗ್ಗ ಹಿಡಿದವನು ಕಣೆ ನಾನು. 'ಹಾರ್ಟ್ ಹಾರ್ಟ್' ಅಂತ ಎಷ್ಟು ಜನ ಅರ್ಧ ದಾರೀಲಿ ಇಳಿದಿಲ್ಲ!" ಅಂದರು. ಮತ್ತೆ ಯಾಕೆ ಕುಡಿ ಅಂದಿರಿ ಎಂದು ಹೇಗೋ ಕೇಳಿದೆ. ಗಂಟು ಬಿಗಿದರು. "ಇಷ್ಟು ವರ್ಷ ಯಾರಾದ್ರೂ ಬಟ್ಟಲು ಕೆಳಗಿಡ್ತಾರಾ ಅಂತ ನೋಡ್ದೆ. ನಿಮ್ಮಪ್ಪ ಇಡ್ಲಿಲ್ಲ. ಓದಿದವಳು ನೀನೂ ಇಡ್ಲಿಲ್ಲ. ಕೊನೆಗೆ ಟ್ರಾಮ್‌ನವಳು ಬರಬೇಕಾಯ್ತು."

ಶುಕ್ರವಾರ ಬಾ. ಮಗುವನ್ನು ಕರೆದುಕೊಂಡು, ಎದುರು ಬಾಗಿಲಿಂದಲೇ ಬಾ. ಇನ್ನೊಂದು ಮಾತು ಬರೆಯಲು ದೊಡ್ಡಪ್ಪ ಹೇಳಿದ್ದಾರೆ, ಹಾಗೇ ಬರೆಯುತ್ತಿದ್ದೇನೆ: "ಬಂದಾಗ ಕೊಟ್ಟ ಕಾಫಿ ಸುಮ್ಮನೆ ಕುಡೀಬೇಕು. ಅವಳೂ ಬಟ್ಟಲು ಕೆಳಗಿಟ್ಟರೆ, ಇನ್ನು ಕೊಡೋಕೆ ನನ್ನ ಹತ್ರ ಏನೂ ಉಳಿದಿಲ್ಲ."