ಕತ್ತರಿಸದೆ ಉಳಿದ ಹಾಳೆಗಳು

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಜಗಳಗಂಟಿಗೆ,

ಯಾರು ಏನು ಮಾತು ಕೊಟ್ಟರು, ಯಾವುದನ್ನು ಕೊಡಲಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಂಘದ ಕರಪತ್ರಗಳನ್ನು ಹೀಗೇ ಶುರು ಮಾಡಬೇಕು ಎಂದು ಹಟ ಹಿಡಿಯುತ್ತಿದ್ದವಳು ನೀನೇ. ಆಸ್ಪತ್ರೆಯವರು ಲಾಂಡ್ರಿಯ ಬಾಯ್ಲರಿಗೆ ಹೊಸ ವಾಲ್ವ್ ಹಾಕಿಸುತ್ತೇವೆ ಎಂದರು. ಹಳೆಯದಕ್ಕೇ ಬಣ್ಣ ಬಳಿದರು. ಆವಿಯಲ್ಲಿ ಕೈ ಬೆಂದುಹೋದ ನಿನ್ನ ಜೊತೆಗಾತಿಗೆ ಸಂಬಳದ ರಜೆ ಎಂದರು, ಕೆಲಸದಿಂದಲೇ ತೆಗೆದರು. ಬಾಯ್ಲರ್ ಆರಿಸಿ ಅದರ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತ ನಿನ್ನನ್ನು ಮಾತುಕತೆಗೆ ಕರೆಯುತ್ತೇವೆ ಎಂದರು, ವ್ಯಾನು ಹತ್ತಿಸಿದರು. ಜೈಲಿನವರು ವಾರಕ್ಕೊಂದು ಭೇಟಿ ಎಂದರು, ನಡುವೆ ಗಾಜು ಇರುವುದಿಲ್ಲ ಎಂದರು, ಪುಸ್ತಕ ಬಿಡುತ್ತೇವೆ ಎಂದರು. ಭೇಟಿ ಹದಿನೈದು ದಿನಕ್ಕೊಂದಾಯಿತು, ಗಾಜು ಬಂತು, ಗಟ್ಟಿ ರಟ್ಟಿದೆ ಎಂದು ಪುಸ್ತಕ ವಾಪಸ್ ಬಂತು. ಇವೆಲ್ಲ ಅವರವು. ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಕೊನೆಯದು ನಿನ್ನದು. ಮದುವೆ ರಿಜಿಸ್ಟರ್ ಮಾಡಿಸಿ ಕಚೇರಿಯ ಮೆಟ್ಟಿಲಿಳಿಯುವಾಗ ‘ಸಾಯೋ ತನಕ ನಿನ್ ಜೊತೆ ಜಗಳ ಆಡ್ತೀನಿ, ಬರೆದಿಟ್ಕೋ’ ಎಂದಿದ್ದೆ. ಈಗ ಆಡುತ್ತಿಲ್ಲ.

ಅದಿರಲಿ, ಹೇಗಿದ್ದೀಯ? ಮಂಡಿನೋವು ಹೇಗಿದೆ? ನೆಲದ ಮೇಲೆ ಮಲಗುವುದಾದರೆ ಮಂಡಿಯ ಕೆಳಗೆ ಏನಾದರೂ ಮಡಿಸಿ ಇಟ್ಟುಕೋ. ಬೆರಳ ತುದಿಯ ಚರ್ಮ ಕೂಡಿತೇ? ಸೋಪಿನ ನೀರಿನಲ್ಲಿ ಸದಾ ಬಿಳಿಚಿಕೊಂಡಿರುತ್ತಿದ್ದ ಆ ಬೆರಳುಗಳು ಈಗ ಒಣಗಿರಬೇಕು. ಹೇಗಿರುತ್ತವೆ ಎಂದು ಊಹಿಸಲು ನೋಡುತ್ತೇನೆ, ಆಗುವುದಿಲ್ಲ. ಇಷ್ಟು ವರ್ಷದಲ್ಲಿ ನಿನ್ನ ಒಣ ಕೈಯನ್ನು ನಾನು ಹಿಡಿದೇ ಇಲ್ಲ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಬೈಯುತ್ತಿದ್ದಾಳೆ. ಇರುವ ಒಂದೇ ಚಾಕುವಿನಲ್ಲಿ ನೀನು ಬ್ರೆಡ್ಡನ್ನೂ ಪುಸ್ತಕವನ್ನೂ ಕತ್ತರಿಸುತ್ತಿದ್ದೆಯಲ್ಲ, ಬಾಯಿಗೆ ಕಾಗದದ ಚೂರು ಸಿಕ್ಕಾಗಲೆಲ್ಲ ‘ಇವತ್ತೂ ನಿನ್ ಹೆಂಡ್ತಿ ತತ್ವಜ್ಞಾನ ತಿನ್ನಿಸಿದ್ಲು ನೋಡು’ ಎನ್ನುತ್ತಿದ್ದಳು. ಈಗ ಬ್ರೆಡ್ಡು ಚೊಕ್ಕವಾಗಿದೆ. ಅಮ್ಮ ಅರ್ಧ ತಿಂದು ತಟ್ಟೆ ಸರಿಸುತ್ತಾಳೆ. ನಾನೂ ಅಷ್ಟೇ.

ಹೋದ ಎರಡು ಸಲವೂ ನಾನು ಬಂದಿದ್ದೆ. ನೀನು ಭೇಟಿಯ ಕಿಟಕಿಗೆ ಬರಲಿಲ್ಲ. ಕೈದಿ ಒಪ್ಪದಿದ್ದರೆ ಭೇಟಿ ಇಲ್ಲ. ಆ ಜೈಲಿನಲ್ಲಿ ನಿನಗೆ ಉಳಿದಿರುವ ಒಂದೇ ಹಕ್ಕು ಅದು, ಅದನ್ನು ನನ್ನ ಮೇಲೆ ಪ್ರಯೋಗಿಸಿದೆ. ಬೆಂಚಿನ ಮೇಲೆ ಕೂತಿದ್ದೆ. ಗೇಟಿನ ಪೊಲೀಸಮ್ಮ ಒಳಗೆ ಹೋಗಿ ಬಂದು ‘ಬರಲ್ವಂತೆ ಕಣಪ್ಪ’ ಎಂದಳು. ಎರಡನೇ ಸಲ ಅವಳಿಗೇ ಪಾಪ ಅನ್ನಿಸಿರಬೇಕು, ಬಗ್ಗಿ ‘ಬೇರೆ ಹೆಂಗಸಿನ ವಿಷಯಾನಾ?’ ಎಂದು ಪಿಸುಗುಟ್ಟಿದಳು. ‘ಇಲ್ಲಮ್ಮಾ, ದೇವರ ವಿಷಯ’ ಎಂದೆ. ‘ಅಯ್ಯೋ, ಹಾಗಾದ್ರೆ ಕಷ್ಟ. ಹೆಂಗಸಾಗಿದ್ರೆ ಬಿಡಿಸಬಹುದಿತ್ತು’ ಎಂದು ನಿಟ್ಟುಸಿರು ಬಿಟ್ಟಳು. ನಕ್ಕುಬಿಟ್ಟೆ. ಬಸ್ಸು ಹತ್ತಿದ ಮೇಲೆ ನಗು ನಿಂತಿತು. ಅದಕ್ಕೂ ಮುಂಚೆ, ಕೊನೆಯ ಸಲ ಸಿಕ್ಕಾಗ ಗಾಜಿನಾಚೆಯಿಂದ ನೀನು ಹೇಳಿದ್ದು ಮತ್ತೆ ಕೇಳಿಸಿತು: ‘ಇನ್ಮೇಲೆ ಬರಬೇಡ. ನಾನು ದೇವರ ಮುಂದೆ ಒಬ್ಬಳೇ ನಿಲ್ಲಬೇಕು. ಎಲ್ಲಕ್ಕಿಂತ ಪ್ರೀತಿಯದ್ದನ್ನ ಬಿಟ್ಟುಕೊಡದೆ ಅಲ್ಲಿ ನಿಲ್ಲೋಕಾಗಲ್ಲ.’ ಎಲ್ಲಕ್ಕಿಂತ ಪ್ರೀತಿಯದ್ದು ಎಂದರೆ ನಾನು. ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಸಿಟ್ಟು ಬಂತು. ನನ್ನನ್ನು ಒಂದು ಮಾತು ಕೇಳದೆ ನನ್ನನ್ನು ದೇವರಿಗೆ ಬರೆದುಕೊಡಲು ನೀನ್ಯಾರು? ಆಸ್ಪತ್ರೆಯ ಆಡಳಿತವೂ ಹೀಗೇ ತಾನೇ, ಬಾಗಿಲು ಹಾಕಿಕೊಂಡು ಇನ್ನೊಬ್ಬರ ಬದುಕನ್ನು ತೀರ್ಮಾನ ಮಾಡುವುದು?

ಈ ಮಾತು ನಿನಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಆ ಪುಸ್ತಕವನ್ನು ಮನೆಗೆ ತಂದವನೇ ನಾನು. ನಾನು ಬೈಂಡಿಂಗ್ ಮಾಡುವ ಪ್ರೆಸ್ಸಿನ ಮೂಲೆಯಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದ ಹಾಳೆಗಳನ್ನು ತಂದು, ಮಡಿಸಿ, ಹೊಲಿದು, ನಿನಗೆ ಒರಟು ಅಂಚು ಇಷ್ಟವೆಂದು ಕಟಿಂಗ್ ಮಷಿನ್ನಿಗೆ ಕೊಡದೆ ರಟ್ಟು ಹಾಕಿದ್ದೆ. ಕ್ರೈಸ್ತ ಅಸ್ತಿತ್ವವಾದ ಎಂಬ ಹೆಸರು ನೋಡಿ ‘ಇದೇನು, ಹಲ್ಲುನೋವಿನ ಔಷಧವಾ?’ ಎಂದು ಗೇಲಿ ಮಾಡಿದ್ದೆ. ಅದನ್ನು ಬರೆದವನಿಗೆ ಒಂಟಿರಾಯ ಎಂದು ಹೆಸರಿಟ್ಟೆ. ಪುಟಕ್ಕೆ ಹತ್ತು ಸಲ ‘ಒಬ್ಬನೇ’ ಎನ್ನುತ್ತಾನೆ ಎಂದು ನೀನೇ ಹೇಳಿದ್ದೆಯಲ್ಲ. ನನಗೆ ದೇವರಿಲ್ಲ, ಸಂಘವಿದೆ. ನಿನಗೆ ಎರಡೂ ಇದ್ದವು. ಆದರೆ ಒಂದು ಮಾತು ಒಪ್ಪುತ್ತೇನೆ. ಪಾದ್ರಿಗಳು ‘ಯಜಮಾನರಿಗೆ ವಿಧೇಯರಾಗಿರಿ’ ಎಂದು ಬೋಧಿಸಿದ ಆ ಭಾನುವಾರ ಇಡೀ ಚರ್ಚು ತಲೆಯಾಡಿಸಿತು. ಮನೆಗೆ ಬರುವ ದಾರಿಯಲ್ಲಿ ನೀನೆಂದೆ: ‘ಎಷ್ಟು ಜನ ತಲೆ ಆಡಿಸಿದ್ರು ಅನ್ನೋದು ಸತ್ಯ ಆಗಲ್ಲ. ನೀನೇನು ಮಾಡಿದೆ ಅಂತ ದೇವರು ನನ್ನೊಬ್ಬಳನ್ನೇ ಕೇಳ್ತಾನೆ.’ ಮಾರನೆಯ ಬೆಳಿಗ್ಗೆ ನಾವು ಸಂಘದವರು ಠರಾವಿನ ಒಕ್ಕಣೆಯ ಬಗ್ಗೆ ಕಚ್ಚಾಡುತ್ತಿದ್ದೆವು. ನೀನು ಎದ್ದು ಹೋಗಿ ಬಾಯ್ಲರಿನ ಚಕ್ರ ತಿರುಗಿಸಿದೆ. ಒಂಟಿರಾಯ ಕೊಟ್ಟ ಧೈರ್ಯ ಅದು. ಅದಕ್ಕೆ ಅವನ ಕಾಲು ಮುಟ್ಟಲೂ ಸಿದ್ಧ. ಆದರೆ ಅದೇ ಧೈರ್ಯದಿಂದ ಬಾಯ್ಲರಿನಂತೆ ನನ್ನನ್ನೂ ಆರಿಸಲು ಹೊರಟೆಯಲ್ಲ, ಅದಕ್ಕೆ ಮಾತ್ರ ನಾನು ಸಿದ್ಧನಿಲ್ಲ.

ಈಗ ಸುದ್ದಿ. ರಟ್ಟು ಬೇಡವೆಂದರಲ್ಲ, ಇವತ್ತು ಬೆಳಿಗ್ಗೆ ಪುಸ್ತಕ ಬಿಚ್ಚಲು ಕೂತೆ. ನಾನೇ ಹಾಕಿದ ರಟ್ಟನ್ನು ನಾನೇ ಕಿತ್ತೆ. ಬೆನ್ನಿನ ಅಂಟು ಕೆರೆದು, ಹೊಲಿಗೆಯ ದಾರ ಕತ್ತರಿಸಿ, ಒಂದೊಂದೇ ಫಾರಂ ಬೇರೆ ಮಾಡಿದೆ. ಒಂದು ದೊಡ್ಡ ಹಾಳೆಯನ್ನು ಹದಿನಾರು ಪುಟವಾಗಿ ಮಡಿಸಿದರೆ ಒಂದು ಫಾರಂ. ಅಂಚು ಕತ್ತರಿಸದ ಪುಸ್ತಕದಲ್ಲಿ ಅದರ ತಲೆಯ ಮಡಿಕೆ ಮುಚ್ಚಿಕೊಂಡೇ ಇರುತ್ತದೆ, ಓದುವವರು ಚಾಕು ಹಾಕಿ ಬಿಡಿಸಿಕೊಳ್ಳಬೇಕು. ಮೊದಲಿನವೆಲ್ಲ ನಿನ್ನ ಚಾಕುವಿನ ಹಲ್ಲುಹಲ್ಲು ಅಂಚು. ಪ್ರೀತಿಯದ್ದನ್ನು ಬಿಟ್ಟುಕೊಡು ಎನ್ನುವ ಪುಟವೂ ಸಿಕ್ಕಿತು, ಬ್ರೆಡ್ಡಿನ ಪುಡಿಯ ಸಮೇತ. ಅದರ ಮುಂದಿನ ಫಾರಂ ಎತ್ತಿದೆ. ತಲೆ ಮುಚ್ಚಿತ್ತು. ಅದರ ಮುಂದಿನದೂ. ಕೊನೆಯವರೆಗೂ. ನೀನು ಮುಂದೆ ಓದಿಯೇ ಇಲ್ಲ! ಓದುವುದರೊಳಗೆ ವ್ಯಾನು ಬಂತು. ಆಸ್ಪತ್ರೆಯವರು ನಿನ್ನ ಕೆಲಸ ಕಿತ್ತುಕೊಂಡರು, ಸರ್ಕಾರ ನಿನ್ನನ್ನು ಕಿತ್ತುಕೊಂಡಿತು, ಅದರ ಜೊತೆಗೆ ಆ ಬಡಪಾಯಿ ಒಂಟಿರಾಯನ ಮಾತನ್ನೂ ಅರ್ಧಕ್ಕೇ ತುಂಡರಿಸಿದರು. ಆ ಅರ್ಧವನ್ನೇ ಪೂರ್ತಿ ಎಂದುಕೊಂಡು ನೀನು ನನ್ನನ್ನು ಬಿಟ್ಟೆ. ಹೀಗೆ ಯಾರಾದರೂ ಗಂಡನನ್ನು ಬಿಡುತ್ತಾರೇನೇ?

ಹಾಗೇ ಕಳಿಸಿದರೆ ಮುಚ್ಚಿದ ಮಡಿಕೆಯೊಳಗೆ ಏನೋ ಅಡಗಿಸಿದ್ದೇನೆ ಎಂದು ತಪಾಸಣೆಯವರು ಹರಿದು ಹಾಕುತ್ತಾರೆ, ನಿನಗೆ ಅಲ್ಲಿ ಚಾಕುವೂ ಇಲ್ಲ. ಅದಕ್ಕೇ ನಾನೇ ಕತ್ತರಿಸಿದೆ, ನಿನ್ನ ಚಾಕುವಿನಲ್ಲೇ. ಕತ್ತರಿಸುತ್ತ ಓದಿದೆ. ನನ್ನ ಮಾತಿನಲ್ಲಿ ಹೇಳುತ್ತೇನೆ, ಒರಟಾಗಿದ್ದರೆ ಸಹಿಸಿಕೋ. ದೇವರ ಮುಂದೆ ಒಬ್ಬನೇ ನಿಲ್ಲಬೇಕು ನಿಜ, ಆದರೆ ದೇವರು ಅವನನ್ನು ಅಲ್ಲೇ ನಿಲ್ಲಿಸಿಕೊಳ್ಳುವುದಿಲ್ಲ ಅನ್ನುತ್ತಾನೆ ಒಂಟಿರಾಯ. ಭುಜ ಹಿಡಿದು ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಾನಂತೆ, ಬಾಗಿಲಲ್ಲಿ ಕಾಯುತ್ತಿರುವವನ ಹತ್ತಿರಕ್ಕೆ. ಬಿಟ್ಟುಕೊಟ್ಟದ್ದನ್ನು ಮತ್ತೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳುವುದು ಬಿಡುವುದಕ್ಕಿಂತ ಕಷ್ಟವಂತೆ. ಬಿಡುವುದಕ್ಕೆ ಹಟ ಸಾಕು, ತೆಗೆದುಕೊಳ್ಳುವುದಕ್ಕೆ ನಂಬಿಕೆ ಬೇಕು. ಓದಿ ಚಾಕು ಕೆಳಗಿಟ್ಟೆ. ಬಾಗಿಲಲ್ಲಿ ಕಾಯುವವನ ವಿಷಯ ಈ ಪುಣ್ಯಾತ್ಮನಿಗೆ ಹೇಗೆ ಗೊತ್ತಾಯಿತು?

ನಾನು ನಿನ್ನ ದೇವರನ್ನು ಒಪ್ಪಿಬಿಟ್ಟೆ ಎಂದುಕೊಳ್ಳಬೇಡ. ಅವನೊಂದಿಗೆ ನನ್ನ ತಕರಾರು ಹಾಗೇ ಇದೆ. ಬೆಂದ ಆ ಕೈಗೆ ಅವನೂ ಉತ್ತರ ಹೇಳಬೇಕು. ಆದರೆ ನಂಬಿಕೆ ಎಂದರೆ ಏನೆಂದು ಮಾತ್ರ ಆ ಬೆಂಚು ಕಲಿಸಿತು. ನೀನು ಬರುತ್ತೀಯ ಎನ್ನುವುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಇರುವ ಪುರಾವೆಯೆಲ್ಲ ಬರುವುದಿಲ್ಲ ಎಂದೇ ಹೇಳುತ್ತದೆ. ಆದರೂ ಶರ್ಟಿಗೆ ಇಸ್ತ್ರಿ ಹಾಕುತ್ತೇನೆ, ನೀನಿದ್ದಾಗ ಹಾಕಿದವನಲ್ಲ. ಆದರೂ ಬಸ್ಸು ಹತ್ತುತ್ತೇನೆ. ಒಂಟಿರಾಯ ಇದನ್ನೇ ಇನ್ನೂ ದೊಡ್ಡ ಮಾತುಗಳಲ್ಲಿ ಹೇಳಿದ್ದಾನೆ. ರಾತ್ರಿ ನಿನ್ನ ಮಗ್ಗುಲಿನ ದೀಪ ಆರಿಸುವುದಿಲ್ಲ, ಅಮ್ಮ ಕರೆಂಟು ಕರೆಂಟು ಎಂದು ಕೂಗಿದರೂ. ಜಗಳ ಆಡು, ಬೈ, ನನ್ನ ದಡ್ಡತನ ಎತ್ತಿ ಆಡು, ಆದರೆ ಎದುರು ಕೂತು ಆಡು. ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದೆ ಕಣೇ ಈ ಮೌನ.

ಅಮ್ಮ ಪಕ್ಕದಲ್ಲೇ ಕೂತು ಹೆಣೆಯುತ್ತಿದ್ದಾಳೆ. ಆಶೀರ್ವಾದ ಬರಿ ಎಂದಳು, ಬರೆದಿದ್ದೇನೆ. ಜೊತೆಗೆ ಇದನ್ನೂ, ಅವಳ ಮಾತಿನಲ್ಲೇ: ‘ದೇವರ ಮುಂದೆ ಒಬ್ಬಳೇ ನಿಲ್ತಾಳಂತಾ? ನಿಲ್ಲಲಿ. ಸ್ವೆಟರ್ ಹಾಕ್ಕೊಂಡು ನಿಲ್ಲೋಕೆ ಹೇಳು.’ ಒಂದು ತೋಳು ಬಾಕಿ, ಮುಂದಿನ ಭೇಟಿಯಷ್ಟರಲ್ಲಿ ಮುಗಿಯುತ್ತದೆ.

ಬೆರಳಿಗೆ ಎಣ್ಣೆ ಸಿಕ್ಕರೆ ಹಚ್ಚಿಕೋ.

ನಿನ್ನ,
ಗೋಂದು ಕೈಯವನು

ಮರೆತಿದ್ದೆ: ಪುಸ್ತಕಕ್ಕೆ ರಟ್ಟಿಲ್ಲದೆ ಬರೀ ಕಾಗದದ ಹೊದಿಕೆ ಹಾಕಿ ಹೊಲಿದಿದ್ದೇನೆ, ನಾಳೆ ಗೇಟಿನಲ್ಲಿ ಕೊಡುತ್ತೇನೆ. ಅದರಲ್ಲಿ ಕೊನೆಯ ಫಾರಂ ಇಲ್ಲ. ಪುಟ ಬಿಟ್ಟುಹೋಗಿದೆ ಎಂದು ನನ್ನ ಕೆಲಸಕ್ಕೆ ಹೆಸರಿಡಬೇಡ, ಬೇಕೆಂದೇ ಇಟ್ಟುಕೊಂಡಿದ್ದೇನೆ. ಅದನ್ನು ಕತ್ತರಿಸಿಲ್ಲ, ನಾನೂ ಓದಿಲ್ಲ. ಜೇಬಿನಲ್ಲಿ ತರುತ್ತೇನೆ. ನೀನು ಎದುರು ಕೂತ ಮೇಲೆ ಬೆರಳಿನಿಂದಲೇ ಬಿಡಿಸಿ, ಒಂದೊಂದೇ ಪುಟ ಗಾಜಿಗೆ ಹಿಡಿಯುತ್ತೇನೆ; ನೀನು ಆಚೆಯಿಂದ ಗಟ್ಟಿಯಾಗಿ ಓದು, ನಾನು ಈಚೆಯಿಂದ ಕೇಳುತ್ತೇನೆ. ನೀನು ಬಾರದಿದ್ದರೆ ಅದು ಮುಚ್ಚಿಕೊಂಡೇ ಇರುತ್ತದೆ, ಇಬ್ಬರಿಗೂ. ಮಾರ್ಚ್ ೨೦, ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ಎರಡನೇ ಕಿಟಕಿ.