ಧೂಳಿನ ದಿನ ಇಳಿಯಬೇಡ ಅಕ್ಕ

ಪ್ರೀತಿಯ ಎಫುವಾ ಅಕ್ಕ,

ನಿನ್ನ ಫೋನು ಬಂದ ದಿನದಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಹೊಸ ಕಂಪನಿ ಶುರುವಾಗಿದೆ, ನೀನೇ ಗಗನಸಖಿಯರಿಗೆಲ್ಲ ಹಿರಿಯಳು, ಬರುವ ಶುಕ್ರವಾರ ಅಕ್ರಾದಿಂದ ನಮ್ಮ ತಮಾಲೆಗೆ ಮೊದಲ ಹಾರಾಟ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ನೀನೂ ಬಾರೇ ವುಂಪಿನಿ, ಉತ್ತರದವರ ಭಾಷೆ ಬರೋರು ನಂಗೆ ಬೇಕು" ಎಂದೆ. ನಾನು ಒಲೆಯ ಮೇಲೆ ಗಂಜಿ ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನು ಇಟ್ಟುಬಿಟ್ಟೆ. ಇನ್ನೊಂದು ನಿಮಿಷ ಮಾತಾಡಿದ್ದರೆ ನೀನು ನಗಿಸಿ ನಗಿಸಿಯೇ ನನ್ನನ್ನು ಒಪ್ಪಿಸಿರುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅಕ್ರಾ ಬಸ್ಸಿನವರ ಕೈಯಲ್ಲಿ ಕೊಡುತ್ತೇನೆ. ನಿನ್ನ ಮೊದಲ ಹಾರಾಟಕ್ಕೆ ಮುಂಚೆ ತಲುಪಲಿ ದೇವರೇ.

ಇಲ್ಲಿ ಹರ್ಮಟಾನ್ ಗಾಳಿ ಬೀಸತೊಡಗಿದೆ. ಮರುಭೂಮಿಯ ಧೂಳು ಊರಿನ ಮೇಲೆ ಕೂತಿದೆ. ತುಟಿ ಒಡೆದಿದೆ, ಬೀದಿಯ ಆಚೆಗಿನ ಮಸೀದಿ ಮಧ್ಯಾಹ್ನವಾದರೂ ಕಾಣಿಸುವುದಿಲ್ಲ. ಮೊನ್ನೆ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ತಲೆಯ ಮೇಲೆ ವಿಮಾನದ ಸದ್ದು ಕೇಳಿತು. ಸದ್ದಷ್ಟೇ, ವಿಮಾನ ಕಾಣಲಿಲ್ಲ. ಹತ್ತಿರ ಬಂತು, ದೂರ ಹೋಯಿತು, ಮತ್ತೆ ಹತ್ತಿರ ಬಂತು. ನಾನು ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿಬಿಟ್ಟಿದ್ದೆ. "ಟೀಚರ್ ನಿಂತ್ಕೊಂಡೇ ನಿದ್ದೆ ಮಾಡ್ತಿದಾರೆ ಕಣ್ರೋ" ಎಂದು ಮಕ್ಕಳು ಕಿಸಕ್ಕೆಂದರು. ಅವರ ಜೊತೆ ನಾನೂ ನಕ್ಕೆ. ಗಂಟೆ ಹೊಡೆಯುವ ತನಕ ಮೇಜಿನ ಅಂಚು ಮಾತ್ರ ಬಿಡಲಿಲ್ಲ.

ನಮ್ಮ ಹಳೆಯ ಕಂಪನಿಯ ದಿನಗಳು ನಿನಗೆ ನೆನಪಿವೆಯಲ್ಲ? ಮಾಲೀಕರು ಓಫೋರಿ ಸಾಹೇಬರು ಬಸ್ಸು ಓಡಿಸಿ ಮೇಲೆ ಬಂದವರು. "ವಿಮಾನ ಅಂದ್ರೆ ರೆಕ್ಕೆ ಇರೋ ಬಸ್ಸು ಕಣಮ್ಮ. ನಿಂತಿದ್ರೆ ದುಡ್ಡು ತಿನ್ನತ್ತೆ, ಹಾರಿದ್ರೆ ದುಡ್ಡು ತರತ್ತೆ" ಎಂದು ನಮ್ಮ ಸಂದರ್ಶನದಲ್ಲೇ ಹೇಳಿದ್ದರು. ಎಲ್ಲೋ ಹಾರಿ ದಣಿದ ಎರಡು ವಿಮಾನಗಳನ್ನು ಕೊಂಡು, ಬೂದು ಬಣ್ಣ ಬಳಿದು, ಮೇಲೆ ಬಿಳಿ ಚುಕ್ಕೆ ಇಡಿಸಿದರು. ನಮ್ಮ ತಮಾಲೆಯವರು ನೋಡಿದವರೇ "ಗಿನಿಕೋಳಿ ಬಂತು" ಎಂದು ಹೆಸರಿಟ್ಟುಬಿಟ್ಟರು. ಟಿಕೆಟ್ಟು ಬಸ್ಸಿಗಿಂತ ಸ್ವಲ್ಪವೇ ಜಾಸ್ತಿ. ಊಟವಿಲ್ಲ, ಪೇಪರಿಲ್ಲ, ನೀರಿಗೂ ಕಾಸು. ವಿಮಾನ ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಮೇಲೇರಬೇಕು. ಜನ ಇಳಿಯುತ್ತಿದ್ದಂತೆ ನಾವಿಬ್ಬರೇ ಜೀರುಂಡೆಗಳ ಹಾಗೆ ಸೀಟುಗಳ ಸಂದಿಯಲ್ಲಿ ನುಗ್ಗಿ ಕಡಲೆಕಾಯಿ ಸಿಪ್ಪೆ ಗುಡಿಸುತ್ತಿದ್ದೆವು. ಅಕ್ರಾದ ಸಂತೆಗೆ ಹೊರಟ ಹೆಂಗಸೊಬ್ಬಳು ಚೀಲದಲ್ಲಿ ಜೀವಂತ ಗಿನಿಕೋಳಿ ಬಚ್ಚಿಟ್ಟುಕೊಂಡು ಬಂದದ್ದು, ಅದು ಆಕಾಶದಲ್ಲಿ ಕೂಗತೊಡಗಿದಾಗ ನೀನು ಮೈಕು ಹಿಡಿದು "ಟಿಕೆಟ್ ತಗೊಳ್ದೆ ಹತ್ತಿರೋ ಪ್ರಯಾಣಿಕರು ದಯವಿಟ್ಟು ಕೂಗ್ಬೇಡಿ" ಎಂದದ್ದು! ಅವತ್ತು ಕ್ಯಾಪ್ಟನ್ ಲಾರ್ಟೆ ಕೂಡ ನಕ್ಕಿದ್ದರು. ಆ ಕೆಲಸ ನನಗೆ ಎಷ್ಟು ಇಷ್ಟವಿತ್ತು ಅಕ್ಕ.

ಆಮೇಲೆ ಆ ಜನವರಿಯ ಬೆಳಿಗ್ಗೆ ಬಂತು. ನಾವಿಬ್ಬರೂ ಅದರ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ. ನೀನು ಮುಂಬಾಗಿಲಲ್ಲಿದ್ದೆ, ನಾನು ಹಿಂಬಾಗಿಲಲ್ಲಿದ್ದೆ. ನನ್ನ ಕಡೆ ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ.

ಅಕ್ರಾದಲ್ಲಿ ಜನ ಹತ್ತುವಾಗ ಮುದುಕರೊಬ್ಬರ ಜೊತೆ ನೀನು ಜಗಳವಾಡಿದೆ, ನೆನಪಿದೆಯೇ? ಇಸಾಹಾಕು ಅಜ್ಜ, ನಮ್ಮ ಕಡೆಯ ವಂಶಾವಳಿ ಹಾಡುವ ಡೋಲಿನವರು. ಕಂಕುಳಲ್ಲಿ ಅದುಮಿ ಬಾರಿಸುವ ಆ ಡೋಲನ್ನು ಕೆಳಗೆ ಸಾಮಾನಿನ ಜೊತೆ ಹಾಕಿ, ಇಲ್ಲವೇ ಹಣ ಕಟ್ಟಿ ಎಂದು ನೀನು ಹಟ ಹಿಡಿದೆ. "ಇದು ಸಾಮಾನಲ್ಲ ಮಗಳೇ, ಮಾತಾಡತ್ತೆ. ಮಾತಾಡೋದಕ್ಕೆಲ್ಲ ಸೀಟ್ ಬೇಕು ಅಂದ್ರೆ ನನ್ ಹೆಂಡ್ತಿಗೆ ಮೂರು ಟಿಕೆಟ್ ತಗೋಬೇಕಾಗಿತ್ತು" ಎಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕು, ನೀನು ಸೋತು, ಡೋಲು ಅವರ ತೊಡೆಯ ಮೇಲೇ ಬಂತು.

ತಮಾಲೆಯ ಮೇಲೆ ಬಂದಾಗ ಕಿಟಕಿಯಾಚೆ ನೆಲವೂ ಇರಲಿಲ್ಲ, ಆಕಾಶವೂ ಇರಲಿಲ್ಲ. ಹೊರಡುವಾಗ ಸರಿಯಿದ್ದ ಹವೆ ದಾರಿಯಲ್ಲಿ ಕೆಟ್ಟಿತ್ತು. ಒಮ್ಮೆ ಕೆಳಗಿಳಿದೆವು, ರನ್‌ವೇ ಕಾಣದೆ ಮೇಲೇರಿದೆವು. ಎರಡನೆಯ ಸಲ ಇಳಿಯುವಾಗ ನಾನು ಬಾಗಿಲ ಪಕ್ಕದ ಸಣ್ಣ ಕಿಟಕಿಯಲ್ಲಿ ನೋಡುತ್ತಿದ್ದೆ. ಕಂದು ಬಣ್ಣ ಒಮ್ಮೆಗೇ ಹರಿಯಿತು. ಕೆಳಗೆ, ಎಷ್ಟು ಹತ್ತಿರ ಅಂದರೆ, ಒಂದು ಹುಲ್ಲಿನ ಮಾಡು. ಅಂಗಳದಲ್ಲಿ ತಲೆಯ ಮೇಲೆ ನೀರಿನ ಬೋಗುಣಿ ಹೊತ್ತ ಹೆಂಗಸು. ಅವಳು ಮುಖವೆತ್ತಿದಳು. ಅವಳ ಬಾಯಿ ತೆರೆದದ್ದು ನನಗೆ ಕಂಡಿತು ಅಕ್ಕ. ಚಕ್ರಗಳ ಕೆಳಗೆ ರನ್‌ವೇ ಇರಬೇಕಾದಲ್ಲಿ ಅವಳ ಮನೆಯಿತ್ತು.

ಎಂಜಿನ್ನು ಕಿರುಚಿಕೊಂಡು ವಿಮಾನ ಮೂತಿ ಎತ್ತಿತು. ಮನೆ ಕಂಡವಳು ನಾನೊಬ್ಬಳೇ ಅಲ್ಲ. ಕೊನೆಯ ಸಾಲಿನಲ್ಲಿದ್ದ ಗೆಣಸಿನ ವ್ಯಾಪಾರಿ ಡಾವುಡಾಗೂ ಕಂಡಿತ್ತು. ಎತ್ತಿನಂಥ ಆಳು, ಬೆಲ್ಟು ಬಿಚ್ಚಿ ಎದ್ದು ನೇರ ನನ್ನ ಮೇಲೆ ಬಂದ. "ಬಾಗ್ಲು ತೆಗಿಯೇ! ನೆಲ ಸಿಕ್ಕಿತ್ತು! ಇನ್ನೊಂದ್ಸಲ ಹಂಗೆ ಹತ್ರ ಬಂದ್ರೆ ನಾನು ಹಾರ್ಕೋತೀನಿ, ನೀವೆಲ್ಲ ಬೇಕಾದ್ರೆ ಇದ್ರಲ್ಲೇ ಸಾಯ್ರಿ!" ಅವನ ಹಿಂದೆ ಇನ್ನೂ ಹತ್ತಾರು ಜನ ಎದ್ದರು. ಯಾಕೆ ಎದ್ದರೋ ಅವರಿಗೇ ಗೊತ್ತಿರಲಿಲ್ಲ. ಒಬ್ಬ ಓಡಿದನೆಂದು ಇನ್ನೊಬ್ಬ. ಆಗಲೇ ವಿಮಾನದ ಒಳಫೋನಿನಲ್ಲಿ ನಿನ್ನ ಕರೆ ಬಂತು. ನಿನ್ನ ದನಿ ಸಣ್ಣಗಿತ್ತು. "ಕುಮಾಸಿಗೆ ತಿರುಗಿಸ್ತಿದಾರೆ. ಎಣ್ಣೆ ಅಲ್ಲಿಗೆ ಸಾಕಾಗತ್ತೆ, ಅಷ್ಟೇ. ಯಾರನ್ನೂ ಹಿಂದಕ್ಕೆ ಬಿಡ್ಬೇಡ ಕಣೇ, ಬಾಲ ಭಾರ ಆಗ್ತಿದೆ ಅಂತ ಕ್ಯಾಪ್ಟನ್ ಕೂಗ್ತಿದಾರೆ."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕೂತ್ಕೊಳ್ಳಿ ಎಂದು ಕೂಗಿದೆ ಅಂದುಕೊಂಡೆ. ಬಾಯಿಂದ ಗಾಳಿ ಮಾತ್ರ ಬಂತು. ಡಾವುಡಾನ ಕೈ ನನ್ನ ಹೆಗಲ ಮೇಲಿಂದ ಬಾಗಿಲ ಹಿಡಿಕೆಯ ಕಡೆ ಹೋಗುತ್ತಿತ್ತು. ಕಾಲ ಕೆಳಗಿನ ನೆಲ ಹಿಂದಕ್ಕೆ ವಾಲಿದ್ದು ಅಂಗಾಲಿಗೆ ತಿಳಿಯುತ್ತಿತ್ತು.

ಆಗ ಡೋಲು ಕೇಳಿತು.

ಇಸಾಹಾಕು ಅಜ್ಜ ಎದ್ದಿರಲಿಲ್ಲ. ಬೆಲ್ಟು ಹಾಗೇ ಇತ್ತು. ಬಾರಿಸುತ್ತಲೇ ಡಾವುಡಾನ ಕಡೆ ಕತ್ತು ತಿರುಗಿಸಿ, ಅವನ ಅಜ್ಜನ ಹೆಸರು ಕೂಗಿದರು. ಆ ಅಜ್ಜನ ಅಪ್ಪನ ಹೆಸರು ಕೂಗಿದರು. ಆಳಿದ ಊರು, ಗೆದ್ದ ಕುದುರೆ, ಬರಗಾಲದಲ್ಲಿ ತೆರೆದ ಕಣಜ, ಒಂದೊಂದನ್ನೇ ಹೇಳಿದರು. ಕೊನೆಗೆ, "ಹಿರಿಯರ ಹೆಸ್ರು ಹೇಳ್ತಿದೀನಿ, ಕಳ್ಳನ ಹಂಗೆ ಬಾಗ್ಲಲ್ಲಿ ನಿಂತ್ಕೊಂಡು ಕೇಳ್ತೀಯೇನೋ? ಕೂತ್ಕೊಂಡ್ ಕೇಳು!" ಎಂದು ಗದರಿದರು.

ಡಾವುಡಾ ಅತ್ತ ತಿರುಗಿದ. ಅಭ್ಯಾಸವೋ ಮರ್ಯಾದೆಯೋ, ಅವನ ಕೈ ಹಿಡಿಕೆಯಿಂದ ಕೆಳಗಿಳಿಯಿತು. ಹೋಗಿ ಕೂತ. ಅಜ್ಜ ಇನ್ನೊಬ್ಬನನ್ನು ಹಿಡಿದರು. ದಕ್ಷಿಣದ ಕಡೆಯವನೊಬ್ಬ ನಿಂತೇ ಇದ್ದ. "ನಿಮ್ಮಜ್ಜ ಯಾರೋ ನಂಗೊತ್ತಿಲ್ಲಪ್ಪ, ನೀನೇ ಕೂಗಿ ಹೇಳು, ಬಾರಿಸ್ತೀನಿ" ಎಂದರು. ಅವನು ಅಳುತ್ತಲೇ ಕೂಗಿ ಕೂತ. ಆಮೇಲೆ ಎಲ್ಲರೂ ಕೂಗತೊಡಗಿದರು. ವಿಮಾನದ ತುಂಬ ಸತ್ತವರ ಹೆಸರುಗಳು. ಮುಂಬಾಗಿಲಲ್ಲಿದ್ದ ನಿನಗೆ ಅದು ಹಾಡಿನಂತೆ ಕೇಳಿಸಿರಬೇಕು. ನನಗೆ ಹಾಗೆ ಕೇಳಿಸಲಿಲ್ಲ ಅಕ್ಕ. ನಮ್ಮನ್ನು ಕರೆದುಕೊಂಡು ಹೋಗಲು ಅವರನ್ನೆಲ್ಲ ಕರೆಯುತ್ತಿದ್ದಾರೆ ಎನಿಸಿತು. ಅಜ್ಜ ನನ್ನ ಕಡೆ ನೋಡಿ, "ನಿಮ್ಮಜ್ಜಂದು ಹೇಳಮ್ಮ" ಎಂದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ಸುತ್ತಿಸಿದ ಅಜ್ಜನ ಹೆಸರು ನನಗೆ ನೆನಪಾಗಲಿಲ್ಲ. ಹೆದರಿಕೆ ಅದನ್ನೂ ತಿಂದುಬಿಟ್ಟಿತ್ತು.

ಕುಮಾಸಿಯಲ್ಲಿ ಇಳಿದದ್ದು ನಿನಗೆ ಗೊತ್ತೇ ಇದೆ. ಜನ ನೆಲಕ್ಕೆ ಹಣೆ ಹಚ್ಚಿದರು. ಅಷ್ಟರಲ್ಲೇ ಓಫೋರಿ ಸಾಹೇಬರ ಫೋನು ಬಂತು, ಎಣ್ಣೆ ತುಂಬಿಸಿ ಬೇಗ ಅಕ್ರಾಗೆ ಹೊರಡಿ, ಮಧ್ಯಾಹ್ನದ ಜನ ಕಾಯುತ್ತಿದ್ದಾರೆ ಎಂದು. ನೀನು ತುಟಿಗೆ ಬಣ್ಣ ಹಚ್ಚಿಕೊಂಡು ಸಿದ್ಧಳಾದೆ. ನಾನು ನನ್ನ ಸೀಟಿನಲ್ಲಿ ಕೂತು ಬೆಲ್ಟಿಗೆ ಕೈ ಚಾಚಲು ಹೋದೆ. ಕೈ ಮೇಲೇಳಲಿಲ್ಲ. ಹೊಟ್ಟೆನೋವು ಎಂದು ನಿನಗೆ ಹೇಳಿ ಇಳಿದುಬಿಟ್ಟೆ.

ತಮಾಲೆಗೆ ಹೊರಟ ಬಸ್ಸಿನಲ್ಲಿ ಇಸಾಹಾಕು ಅಜ್ಜ ನನ್ನ ಪಕ್ಕದಲ್ಲೇ ಇದ್ದರು. ನಿಮಗೆ ಭಯವೇ ಆಗಲಿಲ್ಲವೇ ಎಂದು ಕೇಳಿದೆ. ಅಂಗಿ ತೋರಿಸಿದರು, ಬೆವರಿ ಹಿಂಡುವ ಹಾಗಿತ್ತು. "ಕೈ ನಿಲ್ಸಿದ್ರೆ ನಾನೇ ಎಲ್ಲರಿಗಿಂತ ಮೊದ್ಲು ಆ ಬಾಗ್ಲಿಗೆ ಓಡ್ತಿದ್ದೆ ಕಣಮ್ಮ. ಅದಕ್ಕೇ ನಿಲ್ಸ್ಲಿಲ್ಲ" ಎಂದರು.

ನಮ್ಮ ಕಂಪನಿ ಮರುವರ್ಷ ಮುಚ್ಚಿತು. ಒಂದು ಗಿನಿಕೋಳಿ ಇನ್ನೂ ಅಕ್ರಾದ ಮೂಲೆಯಲ್ಲಿ ರೆಕ್ಕೆಯಿಲ್ಲದೆ ನಿಂತಿದೆಯಂತೆ. ಜನ ಮತ್ತೆ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡು ಓಡಾಡುತ್ತಿದ್ದಾರೆ. ನಿಮ್ಮ ಹೊಸ ಟಿಕೆಟ್ಟಿನ ಬೆಲೆ ಕೇಳಿ ನನ್ನ ಶಾಲೆಯ ಆಯಾ ಕೂಡ ಮಗಳ ಬಾಣಂತನಕ್ಕೆ ಅಕ್ರಾಗೆ ಹಾರುತ್ತೇನೆ ಎನ್ನುತ್ತಿದ್ದಾಳೆ. ಕಂಪನಿ ಉಳಿಯಲಿ ಅಕ್ಕ, ನನಗೂ ಅದೇ ಆಸೆ. ಆದರೆ ನಾನು ಬರಲಾರೆ. ಮತ್ತೆ ಕೇಳಬೇಡ.

ನನ್ನ ಭಯ ಈಗ ನನ್ನ ಬಗ್ಗೆ ಅಲ್ಲವೇ ಅಲ್ಲ. ಶುಕ್ರವಾರ ಆ ಧೂಳಿನೊಳಗೆ ಬರುವವಳು ನೀನು. ಮೊದಲ ಹಾರಾಟವೆಂದು ಮಂತ್ರಿಗಳು ಬಂದಿರುತ್ತಾರೆ, ಕ್ಯಾಮೆರಾ ಇರುತ್ತದೆ, ಹೇಗಾದರೂ ಇಳಿಸಿ ಎಂದು ಯಾರೋ ಹೇಳುತ್ತಾರೆ. ಈಗ ನೀನು ಹಿರಿಯಳು. ಕ್ಯಾಪ್ಟನ್ ಬಳಿ ಹೋಗಿ ಬೇಡ ಎನ್ನುವ ಹಕ್ಕು ನಿನಗಿದೆ. ಹೇಳು. ಅವರು ಮುಖ ಕೆಡಿಸಿಕೊಂಡರೂ ಹೇಳು.

ನಾನು ಬೆಳಿಗ್ಗೆಯೇ ನಿಲ್ದಾಣಕ್ಕೆ ಬಂದು ಬೇಲಿಯ ಬಳಿ ನಿಂತಿರುತ್ತೇನೆ. ನಿನಗೆ ಇಷ್ಟವಾದ, ಗೆಣಸಿನ ಹಿಟ್ಟಿನ ವಾಸಾವಾಸಾ ಮಾಡಿ, ಖಾರದ ಪುಡಿ ಬೇರೆ ಕಟ್ಟಿಕೊಂಡು ಬರುತ್ತೇನೆ. ನಿನ್ನ ವಿಮಾನದ ಸದ್ದು ತಲೆಯ ಮೇಲೆ ಬಂದು ಹಾಗೇ ದೂರವಾಗಿಬಿಟ್ಟರೆ ನನಗೆ ಒಂದಿಷ್ಟೂ ಬೇಸರವಾಗುವುದಿಲ್ಲ. ಬುತ್ತಿ ತೆಗೆದುಕೊಂಡು ಅಲ್ಲಿಂದಲೇ ಅಕ್ರಾ ಬಸ್ಸು ಹತ್ತುತ್ತೇನೆ. ಮರುದಿನ ನಿನ್ನ ಮನೆಯ ಬಾಗಿಲು ಬಡಿಯುತ್ತೇನೆ, ತಣ್ಣಗಾಗಿದ್ದರೂ ಇಬ್ಬರೂ ತಿನ್ನೋಣ.

ನಿನ್ನ ಕಾಲಿಗೆ ಗಟ್ಟಿ ನೆಲ ಸಿಗಲಿ, ಯಾವ ಊರಿನದ್ದಾದರೂ ಸರಿ.

ಭಯದಲ್ಲೇ, ಪ್ರೀತಿಯಲ್ಲೇ,
ನಿನ್ನ ತಂಗಿ
ವುಂಪಿನಿ